ಐದೂವರೆ ಅಂಕದ ಲ್ಯಾಪ್‌ಟಾಪ್

ಡಬ್ಬಿ ಬಂದದ್ದು ಮಂಗಳವಾರ ಬೆಳಿಗ್ಗೆ. ಒಳಗಿದ್ದ ಲ್ಯಾಪ್‌ಟಾಪಿಗಿಂತ ಡಬ್ಬಿಯ ಠೀವಿಯೇ ಹೆಚ್ಚು. ಹೊರಗೊಂದು ಹೊದಿಕೆ, ಅದನ್ನು ಜಾರಿಸಿದರೆ ಒಂದು ಮುಚ್ಚಳ, ಮುಚ್ಚಳ ಎತ್ತಿದರೆ ಅಯಸ್ಕಾಂತ ಬಿಟ್ಟುಕೊಂಡ ಟಕ್ಕೆಂಬ ಸದ್ದು, ಅದರ ಕೆಳಗೆ ಮುಟ್ಟಿದರೆ ಸುಕ್ಕಾಗುವಂಥ ನಯವಾದ ಕಾಗದ, ಆ ಕಾಗದದ ಮೇಲೊಂದು ಚೀಟಿ. ಚೀಟಿಯಲ್ಲಿ ‘ಉಸಿರಿನಷ್ಟು ಹಗುರ’ ಎಂದು ಅಚ್ಚಾಗಿತ್ತು. ಹುಳುಕಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಸತ್ತ ಜಿರಳೆಯನ್ನು ಬಿಡುವ ಹಾಗೆ ಕಸದ ಬುಟ್ಟಿಗೆ ಬಿಟ್ಟ.

ಹುಳುಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಮಾರುಕಟ್ಟೆಗೆ ಬರುವ ಸಾಮಾನುಗಳನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ತಿಂಗಳ ಪತ್ರಿಕೆ ಅದು. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಒಬ್ಬಳು ನೋಡುತ್ತಿದ್ದಳು, ಫೋನುಗಳನ್ನು ಇನ್ನೊಬ್ಬ. ಲ್ಯಾಪ್‌ಟಾಪುಗಳು ಹದಿಮೂರು ವರ್ಷದಿಂದ ಇವನ ಪಾಲು. ಹೊಗಳಿ ಬರೆದರೆ ಯಾರೂ ಓದುವುದಿಲ್ಲ, ಬೈದು ಬರೆದರೆ ಓದುಗರು ಕಾಗದ ಬರೆದು ಇನ್ನಷ್ಟು ಕೇಳುತ್ತಾರೆ ಎಂಬ ಗುಟ್ಟು ಎರಡನೆಯ ವರ್ಷವೇ ಅವನಿಗೆ ಹೊಳೆದಿತ್ತು. ಅಂದಿನಿಂದ ಬೈಯುವುದರಲ್ಲಿ ಅವನು ಎತ್ತಿದ ಕೈ. ಅವನಿಂದ ಏಳು ಅಂಕ ಉದುರಿದರೆ ಕಂಪನಿಯವರು ಪುಣ್ಯ ಮಾಡಿದ್ದಾರೆ ಎಂದು ಅರ್ಥ. ಹೆಸರು ಕೊಟ್ಟವರು ತಮಾಷೆಗೆ ಕೊಟ್ಟಿದ್ದರೂ ಅವನು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡು ಓಡಾಡುತ್ತಿದ್ದ.

ಲ್ಯಾಪ್‌ಟಾಪನ್ನು ಹೊರತೆಗೆದ. ಹದಿಮೂರು ಇಂಚಿನ ಪರದೆ, ಬೆರಳಿನಷ್ಟೂ ದಪ್ಪವಿಲ್ಲದ ಮೈ. ಬಣ್ಣಕ್ಕೆ ಕಂಪನಿಯವರು ‘ಮುಂಜಾವಿನ ಮಂಜು’ ಎಂದು ಹೆಸರಿಟ್ಟಿದ್ದರು. ನೋಡಿದರೆ ಅದು ಬೂದಿ ಬಣ್ಣ, ಬೇರೇನೂ ಅಲ್ಲ. ಮಿಕ್ಸಿಯವಳ ಮೇಜಿನಿಂದ ತಕ್ಕಡಿ ತಂದು ತೂಗಿದ. ಒಂಬೈನೂರ ಎಂಬತ್ತು ಗ್ರಾಂ ಎಂದು ಕಂಪನಿ ಹೇಳಿತ್ತು. ತಕ್ಕಡಿ ಸಾವಿರದ ಹನ್ನೆರಡು ಎಂದಿತು.

“ಉಸಿರು ಸ್ವಲ್ಪ ಭಾರ ಆಗಿದೆ ನೋಡಿ,” ಎಂದು ಮಿಕ್ಸಿಯವಳನ್ನು ಕರೆದು ತೋರಿಸಿದ.

“ಊಟ ಆದ್ಮೇಲೆ ತೂಗಿರ್ತೀರ,” ಎಂದಳು ಅವಳು ತಲೆ ಎತ್ತದೆ.

ಮೈಗೆ ಇದ್ದದ್ದು ಎರಡೇ ತೂತು. ಎರಡೂ ಒಂದೇ ಮಗ್ಗುಲಲ್ಲಿ, ಎರಡೂ ಒಂದೇ ಬಗೆಯವು. ಪೆನ್‌ಡ್ರೈವ್ ಸಿಕ್ಕಿಸಬೇಕೆಂದರೆ ಒಂದು ಕೊಂಡಿ ಬೇಕು, ಪ್ರೊಜೆಕ್ಟರಿಗೆ ಹಾಕಬೇಕೆಂದರೆ ಇನ್ನೊಂದು, ಆ ಕೊಂಡಿಗಳನ್ನು ಇಟ್ಟುಕೊಳ್ಳಲು ಒಂದು ಚೀಲ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದರು, ಮೆಮೊರಿಯನ್ನು ಬೆಸುಗೆ ಹಾಕಿ. ಕೆಟ್ಟರೆ ಬಿಚ್ಚುವಂತಿಲ್ಲ, ಸಾಲದಾದರೆ ಸೇರಿಸುವಂತಿಲ್ಲ. ಇಷ್ಟರ ಮಟ್ಟಿಗೆ ಅವನ ಸಿಟ್ಟು ನ್ಯಾಯವಾದದ್ದೇ. ಸಾವಿರಾರು ಜನ ಬೆವರು ಸುರಿಸಿ ದುಡಿದದ್ದನ್ನು ಕೊಟ್ಟು ಕೊಳ್ಳುವ ವಸ್ತುವನ್ನು ಹೀಗೆ ಅಂಟು ಬಳಿದು ಕಣ್ಣಿಗೆ ಮಣ್ಣೆರಚುವವರನ್ನು ಬೈಯದೆ ಇನ್ನೇನು ಮಾಡಬೇಕು? ಆದರೆ ಹದಿಮೂರು ವರ್ಷ ನ್ಯಾಯವಾಗಿ ಸಿಟ್ಟು ಮಾಡಿದವನಿಗೆ ಸಿಟ್ಟೇ ನ್ಯಾಯ ಎನಿಸಿಬಿಡುತ್ತದೆ. ಅವನಿಗೆ ಆಗಿದ್ದದ್ದು ಅದೇ.

ಯಂತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಅದಕ್ಕೆ ತನ್ನ ದಪ್ಪ ಹಳೆಯ ಕೀಬೋರ್ಡನ್ನು ಸಿಕ್ಕಿಸಿದ. ಯಾವ ಲ್ಯಾಪ್‌ಟಾಪ್ ಬಂದರೂ ಅವನು ಮೊದಲು ಮಾಡುತ್ತಿದ್ದ ಕೆಲಸ ಅದು. ಎಂಟು ವರ್ಷದಿಂದ ಅವನ ಬೆರಳು ಆ ಒಂದು ಕೀಬೋರ್ಡಿಗೆ ಒಗ್ಗಿಹೋಗಿತ್ತು, ಅದರ ಮೇಲಿನ ಅಕ್ಷರಗಳು ಸವೆದು ಬಿಳಿಯಾಗಿದ್ದವು. ಲ್ಯಾಪ್‌ಟಾಪುಗಳನ್ನು ಪರೀಕ್ಷಿಸುವ ಮನುಷ್ಯ ಲ್ಯಾಪ್‌ಟಾಪಿನ ಮೇಲೆ ಟೈಪ್ ಮಾಡುತ್ತಲೇ ಇರಲಿಲ್ಲ. ಇದು ಕಚೇರಿಯಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು, ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಮಿಕ್ಸಿಯವಳೂ ಮನೆಯಲ್ಲಿ ಚಟ್ನಿ ರುಬ್ಬಿಸುತ್ತಿದ್ದದ್ದು ಗಂಡನ ಕೈಯಿಂದಲೇ.

ಆ ಸಂಜೆ ಅವನು ಅಕ್ಕನ ಮನೆಗೆ ಹೋದ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳದು ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಕಿವಿ ಕೇಳದ ರೋಗಿಗಳ ಪಕ್ಕದಲ್ಲಿ ಕೂತು, ಡಾಕ್ಟರು ಆಡಿದ ಮಾತನ್ನು ಆಡಿದ ಹಾಗೇ ಟೈಪ್ ಮಾಡಬೇಕು, ರೋಗಿ ಅದನ್ನು ಪರದೆಯ ಮೇಲೆ ಓದಿಕೊಳ್ಳಬೇಕು. ಒಂದು ಮಾತನ್ನೂ ಬಿಡುವಂತಿಲ್ಲ, ಒಂದನ್ನೂ ಸೇರಿಸುವಂತಿಲ್ಲ. ಡಾಕ್ಟರು ಹೇಳಲಾರದೆ ತಡವರಿಸಿದರೆ ಆ ತಡವರಿಕೆಯನ್ನೂ ಟೈಪ್ ಹೊಡೆಯುತ್ತಿದ್ದಳು. ರೋಗಿಗೆ ಅದೂ ತಿಳಿಯಬೇಕಲ್ಲ ಎನ್ನುತ್ತಿದ್ದಳು. ಹದಿನಾಲ್ಕು ವರ್ಷ ಹೀಗೆ ವಾರ್ಡಿನಿಂದ ವಾರ್ಡಿಗೆ, ಮಹಡಿಯಿಂದ ಮಹಡಿಗೆ, ಮೂರು ಕಿಲೋ ತೂಗುವ ಲ್ಯಾಪ್‌ಟಾಪನ್ನು ಬಲ ಹೆಗಲಿಗೆ ತೂಗುಹಾಕಿಕೊಂಡು ತಿರುಗಿದ್ದಳು. ನರ್ಸುಗಳು ಅವಳನ್ನು ಟೈಪಿಂಗಕ್ಕ ಎಂದೇ ಕರೆಯುತ್ತಿದ್ದರು. ಆ ಕೆಲಸ ಅವಳಿಗೆ ಊಟದಷ್ಟೇ ಇಷ್ಟ.

ಈಗ ಆ ಹೆಗಲು ಕೈಕೊಟ್ಟಿತ್ತು. ಒಳಗೆ ಸ್ನಾಯು ಹರಿದಿದೆ, ಒಂದೂಕಾಲು ಕಿಲೋಗಿಂತ ಹೆಚ್ಚು ಹೊರಬೇಡಿ ಎಂದು ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆಸ್ಪತ್ರೆಯ ಆಫೀಸಿನವರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದರು. ಹಗುರವಾದ ಯಂತ್ರ ಹೊಂದಿಸಿಕೊಂಡು ವಾರ್ಡಿನಲ್ಲಿ ಮುಂದುವರಿಯುವುದು, ಇಲ್ಲವೆಂದರೆ ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಕುರ್ಚಿ ಹಿಡಿಯುವುದು. ಅಕ್ಕ ಅಂಗಡಿ ಅಂಗಡಿ ಅಲೆದು ನಾಲ್ಕು ಹಗುರ ಲ್ಯಾಪ್‌ಟಾಪುಗಳ ಮೇಲೆ ಕೈಯಾಡಿಸಿ ಬಂದಿದ್ದಳು. ನಾಲ್ಕೂ ಅವಳ ವೇಗಕ್ಕೆ ತಾಳ ತಪ್ಪಿದ್ದವು. ಹುಳುಕಪ್ಪನ ಮೇಜಿಗೆ ಬಂದಿದ್ದ ಐದನೆಯದು ಅಂಗಡಿಗೆ ಬರಲು ಇನ್ನೂ ತಿಂಗಳ ಮೇಲಾಗುತ್ತಿತ್ತು. ಯಾವ ಯಂತ್ರವೆಂದು ಗಡುವಿನೊಳಗೆ ಹೇಳಿದರೆ ಅದು ಬರುವವರೆಗೆ ಕಾಯಲು ಆಫೀಸಿನವರು ಒಪ್ಪಿದ್ದರು.

“ಹೊಸದು ಬಂದಿದೆ ಅಂದ್ಯಲ್ಲ, ಹೇಗಿದೆ?” ಎಂದಳು ಅಕ್ಕ, ಎಡಗೈಯಲ್ಲಿ ಅವನಿಗೆ ಟೀ ಲೋಟ ಕೊಡುತ್ತ.

“ಶೋಕಿ ಸಾಮಾನು ಅಕ್ಕ. ಕೈಯಲ್ಲಿ ಹಿಡ್ಕೊಂಡು ಫೋಟೋ ತೆಗೆಸ್ಕೊಳ್ಳೋಕೆ ಲಾಯಕ್ಕು.”

“ನಂಗೆ ಫೋಟೋ ಬೇಡ. ಕೀಬೋರ್ಡ್ ಹೇಗಿದೆ?”

“ಇನ್ನೂ ನೋಡಿಲ್ಲ. ನೋಡೋದೇನಿದೆ, ಇವೆಲ್ಲಾ ಒಂದೇ ಜಾತಿ.”

“ಒಂದು ಸಲ ತಂದು ತೋರಿಸೋ. ಹತ್ತು ನಿಮಿಷ ಸಾಕು ನಂಗೆ.”

“ಪರೀಕ್ಷೆಗೆ ಬಂದ ಮಾಲು ಅಕ್ಕ. ಮನೆಮನೆ ತಿರುಗಿಸೋ ಹಾಗಿಲ್ಲ.”

ಅಂಥ ನಿಯಮ ಕಚೇರಿಯಲ್ಲಿ ಇರಲೇ ಇಲ್ಲ. ಫೋನಿನವನು ಪರೀಕ್ಷೆಗೆ ಬಂದ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಎರಡು ತಿಂಗಳು ಮರೆತುಬಿಡುತ್ತಿದ್ದ. ಹುಳುಕಪ್ಪ ಹಾಗೆ ಹೇಳಿದ್ದು ಬರೀ ಜಂಬಕ್ಕೆ. ತಾನು ನೋಡಿ ಹೇಳಿದ ಮೇಲೆ ಇನ್ನೊಬ್ಬರು ಮುಟ್ಟಿ ನೋಡುವುದೇನಿದೆ ಎಂಬ ಜಂಬ ಅದು. ಆ ಇನ್ನೊಬ್ಬರು ದಿನಕ್ಕೆ ಆರು ಗಂಟೆ ಟೈಪ್ ಮಾಡುವವರಾದರೂ ಸರಿಯೇ.

ಅಕ್ಕ ಒತ್ತಾಯ ಮಾಡಲಿಲ್ಲ. “ಆಯ್ತು, ನೀನೇ ಟೈಪ್ ಮಾಡಿ ನೋಡಿ ಹೇಳು,” ಎಂದಳು. “ತೂಕ, ಬಣ್ಣ, ಬ್ಯಾಟರಿ ಏನೂ ಬೇಡ. ವೇಗವಾಗಿ ಹೊಡೆದ್ರೆ ಅಕ್ಷರ ಬಿಟ್ಟುಹೋಗುತ್ತಾ ಇಲ್ವಾ, ಅಷ್ಟು ನೋಡು. ಮೊನ್ನೆ ಅಂಗಡೀಲಿ ಒಂದು ಯಂತ್ರ ‘ಬೇಡ’ ಅನ್ನೋದ್ರಲ್ಲಿ ಅರ್ಧ ತಿಂದು ಹಾಕ್ತು. ಆಪರೇಷನ್ ಬೇಕಾ ಬೇಡ್ವಾ ಅಂತ ಕೇಳೋ ಜಾಗದಲ್ಲಿ ಹಂಗಾದ್ರೆ ಗತಿ ಏನು? ಮೂವತ್ತನೇ ತಾರೀಕಿನ ಒಳಗೆ ನಾನು ಆಫೀಸಿಗೆ ಹೇಳ್ಬೇಕು.”

“ಬರೀತೀನಲ್ಲ ಅಕ್ಕ, ಓದ್ಕೋ. ನಾನು ಬರೆದ್ಮೇಲೆ ಮತ್ತೆ ಅನುಮಾನ ಇರಲ್ಲ.”

“ಅದು ನಿಜ,” ಎಂದಳು ಅಕ್ಕ. ಅವಳಿಗೆ ತಮ್ಮನ ಮಾತೆಂದರೆ ಅಷ್ಟು ನಂಬಿಕೆ.

ಪರೀಕ್ಷೆ ಮೂರು ದಿನ ನಡೆಯಿತು. ನಡೆಯಿತು ಎನ್ನುವುದೇ ಸರಿ, ಏಕೆಂದರೆ ಅದರಲ್ಲಿ ಹುಳುಕಪ್ಪ ಮಾಡುವುದು ಹೆಚ್ಚೇನೂ ಇರಲಿಲ್ಲ. ಒಂದು ಪ್ರೋಗ್ರಾಂ ಯಂತ್ರದ ವೇಗ ಅಳೆಯುತ್ತಿತ್ತು, ಇನ್ನೊಂದು ಪರದೆಯ ಬೆಳಕು ಅಳೆಯುತ್ತಿತ್ತು, ಮೂರನೆಯದು ಒಂದೇ ವಿಡಿಯೋವನ್ನು ಬ್ಯಾಟರಿ ಸಾಯುವವರೆಗೆ ಓಡಿಸುತ್ತಿತ್ತು. ಅವನು ಒಂದು ಗುಂಡಿ ಒತ್ತಿ, ಫೋನಿನವನ ಜೊತೆ ಟೀ ಕುಡಿಯಲು ಹೋಗಿ, ಬಂದು ಅಂಕಿ ಬರೆದುಕೊಳ್ಳುತ್ತಿದ್ದ. ಬ್ಯಾಟರಿ ಹನ್ನೊಂದು ಗಂಟೆ ಬಂತು, ಮೈ ಹೆಚ್ಚು ಬಿಸಿಯಾಗಲಿಲ್ಲ, ಪರದೆ ಚೆನ್ನಾಗಿತ್ತು. ಒಂದೊಂದು ಒಳ್ಳೆಯ ಅಂಕಿ ಬಂದಾಗಲೂ ಅವನ ಹುಬ್ಬು ಗಂಟಾಗುತ್ತಿತ್ತು. ಒಳ್ಳೆಯ ಅಂಕಿಗಳನ್ನು ಬೈಯುವುದು ಕಷ್ಟದ ಕೆಲಸ.

ಶುಕ್ರವಾರ ಪುಟ ಮುಗಿಸುವ ದಿನ. ಮಧ್ಯಾಹ್ನ ಸಂಪಾದಕ ಬಂದು ಮೇಜಿಗೆ ಒರಗಿ ನಿಂತ. ಅವನು ಯಾವ ಲ್ಯಾಪ್‌ಟಾಪನ್ನೂ ತೆರೆದು ನೋಡಿದವನಲ್ಲ, ಯಾವ ಬರಹವನ್ನೂ ಕೊನೆಯವರೆಗೆ ಓದಿದವನೂ ಅಲ್ಲ.

“ಏನ್ರೀ, ಸ್ವಲ್ಪ ಖಾರವಾಗಿರಲಿ. ಹೋದ ಸಲದ್ದು ಸಪ್ಪೆ ಆಯ್ತು ಅಂತ ಹನ್ನೆರಡು ಕಾಗದ ಬಂದಿವೆ.”

“ಐದೂವರೆ ಕೊಡೋಣ ಅಂತಿದ್ದೀನಿ.”

“ಐದೂವರೆ,” ಎಂದು ಸಂಪಾದಕ ಚಪ್ಪರಿಸಿದ. “ಚೆನ್ನಾಗಿದೆ. ಆರು ಅಂದ್ರೆ ಮರ್ಯಾದೆ ಕೊಟ್ಟ ಹಾಗಾಗುತ್ತೆ.”

ಬರೆಯುವುದಕ್ಕೆ ಅವರಲ್ಲಿ ಒಂದು ಕ್ರಮವಿತ್ತು. ಹೊಸ ಬರಹವನ್ನು ಯಾರೂ ಖಾಲಿ ಪುಟದಿಂದ ಶುರುಮಾಡುತ್ತಿರಲಿಲ್ಲ. ಅದೇ ಬಗೆಯ ಹಳೆಯ ಯಂತ್ರದ ಬರಹವನ್ನು ತೆರೆದು, ಹೆಸರು ಬದಲಾಯಿಸಿ, ಅಂಕಿಗಳನ್ನು ಬದಲಾಯಿಸಿ, ಬೈಗುಳಗಳನ್ನು ಒಂದಿಷ್ಟು ಹಿಂದುಮುಂದು ಮಾಡಿ ಕೊಡುವುದು. ಹುಳುಕಪ್ಪ ಹೋದ ವರ್ಷದ ಒಂದು ತೆಳು ಲ್ಯಾಪ್‌ಟಾಪಿನ ಬರಹವನ್ನು ತೆರೆದ. ಅದು ಬೇರೆ ಕಂಪನಿಯದು. ಅದಕ್ಕೆ ಬೈದದ್ದು ಬಹಳ ಹೆಸರಾಗಿತ್ತು. ಮೇಲಿನಿಂದ ಶುರುಮಾಡಿ ತೂಕ ಬದಲಾಯಿಸಿದ, ಬಣ್ಣದ ಹೆಸರು ಬದಲಾಯಿಸಿ ಬೂದಿಯ ಮಾತು ಸೇರಿಸಿದ, ತೂತುಗಳ ಲೆಕ್ಕ ಬದಲಾಯಿಸಿದ, ಬ್ಯಾಟರಿಯ ಗಂಟೆ ಬದಲಾಯಿಸಿದ. ನಂತರ ಕೀಬೋರ್ಡಿನ ಪ್ಯಾರಾ ಬಂತು.

‘ಈ ಕೀಬೋರ್ಡಿನ ಮೇಲೆ ಟೈಪ್ ಮಾಡುವುದೂ ಒಂದೇ, ಊಟದ ಮೇಜಿನ ಮೇಲೆ ಬೆರಳು ಬಡಿಯುವುದೂ ಒಂದೇ. ಮೇಲಿನ ಸಾಲಿನ ಕೀಗಳನ್ನು ಕಿತ್ತು ಅಲ್ಲೊಂದು ಗಾಜಿನ ಪಟ್ಟಿ ಅಂಟಿಸಿದ್ದಾರೆ. ಮುಟ್ಟಿದರೆ ಅದಕ್ಕೆ ಮನಸ್ಸಿದ್ದಾಗ ಕೇಳುತ್ತದೆ, ಇಲ್ಲದಾಗ ಇಲ್ಲ. ಸ್ವಲ್ಪ ವೇಗವಾಗಿ ಹೊಡೆದಿರೋ, ಮೂರು ಅಕ್ಷರಕ್ಕೆ ಒಂದನ್ನು ಈ ಯಂತ್ರ ನುಂಗಿ ನೀರು ಕುಡಿಯುತ್ತದೆ. ಬೆರಳಿನಿಂದ ಅನ್ನ ಸಂಪಾದಿಸುವವರು ಇದರಿಂದ ನಾಲ್ಕು ಮಾರು ದೂರವಿರುವುದು ಕ್ಷೇಮ.’

ಆ ಪ್ಯಾರಾದಲ್ಲಿ ಒಂದೇ ಒಂದು ಅಳತೆಯ ಅಂಕಿ ಇರಲಿಲ್ಲ. ಗ್ರಾಂ ಇಲ್ಲ, ಗಂಟೆ ಇಲ್ಲ, ಇಂಚು ಇಲ್ಲ. ಬದಲಾಯಿಸಬೇಕು ಎಂದು ಅವನ ಕಣ್ಣಿಗೆ ಚುಚ್ಚುವಂಥದ್ದು ಏನೂ ಇರಲಿಲ್ಲ. ಅವನು ಅದನ್ನು ಓದಿ, ತನ್ನ ಮಾತಿಗೆ ತಾನೇ ನಕ್ಕ. ಅಕ್ಕನ ನೆನಪೂ ಬಂತು. ಕೊನೆಯ ಸಾಲು ಅವಳಿಗೆಂದೇ ಬರೆದ ಹಾಗಿದೆ ಎಂದುಕೊಂಡ. ಯಂತ್ರ ಕೈಯಳತೆಯಲ್ಲೇ ಕೂತಿತ್ತು. ಕೈ ಚಾಚಿ ನಾಲ್ಕು ಅಕ್ಷರ ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಚಾಚಲಿಲ್ಲ. ಪುಟ ಐದು ಗಂಟೆಗೆ ಹೋಗಬೇಕಿತ್ತು, ನಾಲ್ಕು ನಲವತ್ತಕ್ಕೆ ಕಳಿಸಿ, ಬೇಗ ಮುಗಿಸಿದೆನಲ್ಲ ಎಂದು ಮೈಮುರಿದ.

ಪತ್ರಿಕೆ ಇಪ್ಪತ್ತೈದಕ್ಕೆ ಬಂತು. ಇಪ್ಪತ್ತೇಳಕ್ಕೆ ಅಕ್ಕ ಫೋನ್ ಮಾಡಿದಳು.

“ಓದಿದೆ ಕಣೋ. ಬೆರಳಿನಿಂದ ಅನ್ನ ಸಂಪಾದಿಸೋರು ದೂರ ಇರಿ ಅಂದಿದ್ದೀಯ.”

“ಇರು ಮತ್ತೆ.”

“ಇರ್ತೀನಿ,” ಎಂದಳು. ಪುಟ ತಿರುವಿದ ಸದ್ದಾಯಿತು. “ನಿಜವಾಗ್ಲೂ ಅಷ್ಟು ಕೆಟ್ಟದಾಗಿದೆಯಾ?”

“ಅಕ್ಕ, ನಾನು ಸುಮ್ಮಸುಮ್ನೆ ಬರೀತೀನಾ?”

“ಇಲ್ಲ ಬಿಡು. ಕೇಳಿದೆ ಅಷ್ಟೇ.”

ಫೋನಿಟ್ಟ ಮೇಲೆ ಹುಳುಕಪ್ಪನಿಗೆ ಹಿತವೆನಿಸಿತು. ಅಕ್ಕ ಒಂದು ಗುಂಡಿಗೆ ಬೀಳುವುದನ್ನು ತಪ್ಪಿಸಿದೆ ಎಂದುಕೊಂಡ. ರೆಕಾರ್ಡ್ ರೂಮೆಂದರೇನು ಕಾಡೇ, ಫ್ಯಾನಿನ ಕೆಳಗೆ ಆರಾಮಾಗಿ ಕೂತಿರುತ್ತಾಳೆ ಎಂದೂ ಅಂದುಕೊಂಡ. ಅಕ್ಕನಿಗೆ ಏನು ಬೇಕೆಂದು ಅಕ್ಕನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುವ ಹಾಗೆ.

ಮುಂದಿನ ತಿಂಗಳ ಎಂಟನೆಯ ತಾರೀಕು ಕಂಪನಿಯ ಪ್ರಚಾರದವಳು ಫೋನ್ ಮಾಡಿದಳು. ಹುಳುಕಪ್ಪ ಈ ಭೂಮಿಯ ಮೇಲೆ ಅತಿ ಹೆಚ್ಚು ತಾತ್ಸಾರ ಮಾಡುತ್ತಿದ್ದದ್ದು ಈ ಪ್ರಚಾರದವರನ್ನು. ಬೆಣ್ಣೆ ಹಚ್ಚುವುದಕ್ಕೆ ಸಂಬಳ ತೆಗೆದುಕೊಳ್ಳುವವರು ಎಂದು ಅವರ ಮುಖದ ಮೇಲೇ ಹೇಳಿದ್ದ. ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಮಿಕ್ಸಿಯವಳಿಗೆ ಕಣ್ಣು ಹೊಡೆದ. ತಮಾಷೆ ಎಲ್ಲರೂ ನೋಡಲಿ ಎಂದು.

“ಹೇಳಿ ಮೇಡಂ. ಅಂಕ ಸಾಲಲಿಲ್ವಾ?”

“ಅಂಕ ನಿಮ್ಮಿಷ್ಟ ಸರ್, ಅದಕ್ಕೆ ಫೋನ್ ಮಾಡಿಲ್ಲ. ಒಂದು ಸಣ್ಣ ಅನುಮಾನ ಇತ್ತು. ನೀವು ಮೇಲಿನ ಸಾಲಿನ ಗಾಜಿನ ಪಟ್ಟಿ ಬಗ್ಗೆ ಬರೆದಿದ್ದೀರಲ್ಲ.”

“ಬರೆದಿದ್ದೀನಿ. ಏನೀಗ, ನೋವಾಯ್ತಾ?”

“ನಮ್ಮ ಯಂತ್ರದಲ್ಲಿ ಆ ಪಟ್ಟಿ ಇಲ್ಲ ಸರ್. ಮೇಲಿನ ಸಾಲಿನಲ್ಲೂ ಮಾಮೂಲಿ ಕೀಗಳೇ ಇವೆ. ನಿಮಗೆ ಬೇರೆ ಯಾವುದಾದ್ರೂ ಯಂತ್ರ ಬಂದಿತ್ತೇನೋ ಅಂತ ಕೇಳೋಣ ಅಂದ್ಕೊಂಡೆ.”

ಅವಳ ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಾಗಿದ್ದದ್ದೇ ಅವನಿಗೆ ಮುಳುವಾಯಿತು. ಮಿಕ್ಸಿಯವಳು ಈಗ ತಲೆ ಎತ್ತಿದಳು. ಹುಳುಕಪ್ಪ ಸ್ಪೀಕರ್ ಆರಿಸಿ, ನೋಡಿ ಹೇಳುತ್ತೇನೆ ಎಂದು ಗೊಣಗಿ ಫೋನಿಟ್ಟ. ಕಪಾಟು ತೆಗೆದ. ಕಂಪನಿಗೆ ವಾಪಸು ಹೋಗಬೇಕಿದ್ದ ಯಂತ್ರ ಅಲ್ಲೇ ಇತ್ತು. ಅದನ್ನು ಎದೆಗೆ ಅವುಚಿಕೊಂಡು ಪಕ್ಕದ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮುಚ್ಚಳ ತೆರೆದ. ಮೇಲಿನ ಸಾಲಿನಲ್ಲಿ ಹದಿನಾಲ್ಕು ಕೀಗಳು ಅಚ್ಚುಕಟ್ಟಾಗಿ ಕೂತಿದ್ದವು. ಮೂರು ದಿನ ಅವನ ಕಣ್ಣೆದುರಿಗೇ ಇದ್ದ ಸಾಲು. ನೋಡಿದ್ದ, ಆದರೆ ಕಂಡಿರಲಿಲ್ಲ. ಕೂತು ಟೈಪ್ ಮಾಡತೊಡಗಿದ. ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿತ್ತು, ಬಿಟ್ಟರೆ ಕೀ ತಟ್ಟನೆ ಮೇಲೇಳುತ್ತಿತ್ತು. ವೇಗ ಹೆಚ್ಚಿಸಿದ. ತಪ್ಪಲಿಲ್ಲ. ಇನ್ನೂ ಹೆಚ್ಚಿಸಿದ. ಒಂದಾದರೂ ಅಕ್ಷರ ಬಿಟ್ಟುಹೋಗಲಿ, ಒಂದೇ ಒಂದು ಎಂದು ಹಾರೈಸುತ್ತ ಹುಚ್ಚು ಹಿಡಿದವನಂತೆ ಹೊಡೆದ. ಮನುಷ್ಯ ಒಂದು ಹುಳುಕಿಗಾಗಿ ಇಷ್ಟು ದೈನ್ಯದಿಂದ ಬೇಡಿಕೊಂಡದ್ದು ಅದೇ ಮೊದಲು. ಹುಳುಕು ಸಿಗಲಿಲ್ಲ. ಕೀಬೋರ್ಡ್ ಅಪ್ಪಟವಾಗಿತ್ತು. ಅವನು ಹದಿಮೂರು ವರ್ಷದಲ್ಲಿ ನೋಡಿದ, ಅಂದರೆ ನೋಡಿದೆನೆಂದು ಬರೆದ, ಲ್ಯಾಪ್‌ಟಾಪುಗಳಲ್ಲಿ ಇದರಷ್ಟು ಒಳ್ಳೆಯ ಕೀಬೋರ್ಡ್ ಇನ್ನೊಂದಿರಲಿಲ್ಲವೇನೋ. ಆ ಮಾತನ್ನು ಹೇಳುವ ಯೋಗ್ಯತೆಯೂ ತನಗಿಲ್ಲ ಎಂಬುದು ಆಗ ಹೊಳೆಯಿತು.

ಸಂಪಾದಕನಿಗೆ ಹೇಳಿದ. ಸಂಪಾದಕ ಎಳ್ಳಷ್ಟೂ ಬೆದರಲಿಲ್ಲ.

“ವೆಬ್‌ಸೈಟಿನಲ್ಲಿ ಆ ಪ್ಯಾರಾ ತೆಗೆದುಬಿಡಿ, ಅಷ್ಟೇ. ಪತ್ರಿಕೆ ಈ ಹೊತ್ತಿಗೆ ರದ್ದಿ ಅಂಗಡಿಗೆ ಹೋಗಿರುತ್ತೆ. ಕ್ಷಮೆ ಗಿಮೆ ಅಂತ ಶುರು ಮಾಡಿದ್ರೆ ನಿಮ್ಮ ಹೆಸರೇ ಕೆಡೋದು.”

“ಓದಿ ನಂಬಿದವರು?”

“ಯಾರ್ರೀ ನಂಬ್ತಾರೆ? ಜನ ನಿಮ್ಮನ್ನ ಓದೋದು ನಗೋಕೆ.”

ಹುಳುಕಪ್ಪ ಅವನ ಮುಖ ನೋಡಿದ. ಅವನೂ ಹದಿಮೂರು ವರ್ಷ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡು ಬಂದಿದ್ದ. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅದು ಹೇಸಿಗೆ ಹುಟ್ಟಿಸಿತು. ಅಕ್ಕನಿಗೆ ಫೋನ್ ಮಾಡಿದ, ಸಿಗಲಿಲ್ಲ. ಮತ್ತೆ ಮಾಡಿದ, ಸಿಗಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಯಾರನ್ನೂ ಕೇಳದೆ ಹೊರಟ.

ಆಸ್ಪತ್ರೆಯಲ್ಲಿ ವಾರ್ಡಿನ ನರ್ಸು, ಟೈಪಿಂಗಕ್ಕ ಈಗ ಕೆಳಗೆ ಎಂದಳು. ಹೆಬ್ಬೆರಳನ್ನು ನೆಲದ ಕಡೆ ತೋರಿಸಿ ಹೇಳಿದಳು. ಮೆಟ್ಟಿಲಿಳಿದು, ಲಾಂಡ್ರಿ ದಾಟಿ, ಪೈಪುಗಳು ಹಾದುಹೋದ ಓಣಿಯ ಕೊನೆಗೆ ರೆಕಾರ್ಡ್ ರೂಮು. ಗೋಡೆಯ ಮೇಲಿನವರೆಗೂ ಫೈಲುಗಳು. ನಡುವೆ ಟ್ಯೂಬ್‌ಲೈಟಿನ ಕೆಳಗೆ ಅಕ್ಕ ಕೂತು, ಒಂದೊಂದೇ ಫೈಲು ತೆರೆದು ನಂಬರು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ಫ್ಯಾನು ನಿಜವಾಗಿಯೂ ಇತ್ತು.

“ಏನೋ ಇಲ್ಲಿವರೆಗೂ? ಫೋನ್ ಮಾಡೋದಲ್ವಾ?” ಎಂದವಳು ತಾನೇ ನಕ್ಕಳು. “ಓ, ಇಲ್ಲಿ ಸಿಗ್ನಲ್ ಸಿಗಲ್ಲ.”

ಅವನು ಯಂತ್ರವನ್ನು ತೆಗೆದು ಫೈಲುಗಳ ಮೇಲಿಟ್ಟ.

“ಇದೇನಾ ಅದು? ಮನೆಮನೆ ತಿರುಗಿಸೋ ಹಾಗಿಲ್ಲ ಅಂದಿದ್ದೆ.”

“ಟೈಪ್ ಮಾಡಿ ನೋಡು ಅಕ್ಕ.”

ಅಕ್ಕ ಅದನ್ನು ಎಡಗೈಯಲ್ಲಿ ಎತ್ತಿ ತೂಕ ನೋಡಿದಳು, ತೆರೆದಳು, ಕೀಗಳ ಮೇಲೆ ಬೆರಳಿಟ್ಟಳು. ಬೆರಳುಗಳು ತಾವಾಗಿಯೇ ಸರಿದು ತಮ್ಮ ತಮ್ಮ ಜಾಗ ಹುಡುಕಿಕೊಂಡವು.

“ಸುಮ್ಮನೆ ಏನಂತ ಹೊಡೀಲಿ? ನೀನು ಮಾತಾಡು, ನಾನು ಹೊಡೀತೀನಿ.”

ಅವನು ಗಂಟಲು ಸರಿಮಾಡಿಕೊಂಡ. “ಅದೇನಾಯ್ತು ಅಂದ್ರೆ ಅಕ್ಕ, ಅವತ್ತು ಪುಟ ಮುಗಿಸೋ ದಿನ. ಕೆಲಸ ತುಂಬಾ ಇತ್ತು. ಸಂಪಾದಕ ಬೇರೆ ತಲೆ ಮೇಲೆ ಕೂತಿದ್ದ. ನಮ್ಮಲ್ಲಿ ಹಳೇದನ್ನ ತೆರೆದು ಅದರ ಮೇಲೇ ಬರೆಯೋ ಪದ್ಧತಿ, ಎಲ್ಲರೂ ಮಾಡ್ತಾರೆ. ಹಾಗಾಗಿ ಏನೋ ಒಂದು ಸಣ್ಣ ಎಡವಟ್ಟು...”

ಅಕ್ಕ ಅವನ ಬಾಯಿಯನ್ನೇ ನೋಡುತ್ತ ಹೊಡೆಯುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನು ನಿಲ್ಲಿಸಿದ ಕೂಡಲೇ, ರೋಗಿಗೆ ತಿರುಗಿಸುವ ಹಾಗೆ ಪರದೆಯನ್ನು ಅವನ ಕಡೆ ತಿರುಗಿಸಿದಳು. ‘ಗಂಟಲು ಸರಿಮಾಡಿಕೊಂಡರು’ ಎಂದು ಮೊದಲ ಸಾಲಿನಲ್ಲಿತ್ತು. ಅದರ ಕೆಳಗೆ ಅ‌ವನ ಮಾತುಗಳು ಒಂದೂ ಬಿಡದೆ ಸಾಲಾಗಿ ನಿಂತಿದ್ದವು. ಕೆಲಸ ತುಂಬಾ ಇತ್ತು. ಸಂಪಾದಕ ತಲೆ ಮೇಲೆ ಕೂತಿದ್ದ. ಎಲ್ಲರೂ ಮಾಡ್ತಾರೆ. ಸಣ್ಣ ಎಡವಟ್ಟು. ಬೇರೆ ಯಾರೇ ಬರೆದಿದ್ದರೂ ಇಂಥ ಬರಹಕ್ಕೆ ಅವನು ಹತ್ತಕ್ಕೆ ಒಂದು ಅಂಕವನ್ನೂ ಕೊಡುತ್ತಿರಲಿಲ್ಲ. ಓದಿ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಮುಂದೆ,” ಎಂದಳು ಅಕ್ಕ, ಪರದೆಯನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತ.

“ನಾನು ಇದರ ಕೀಬೋರ್ಡನ್ನ ಮುಟ್ಟೇ ಇರಲಿಲ್ಲ ಅಕ್ಕ,” ಎಂದ ಅವನು. “ಬರೆದದ್ದು ಬೇರೆ ಯಂತ್ರದ್ದು, ಹೋದ ವರ್ಷದ್ದು. ನೀನು ಫೋನ್ ಮಾಡಿ ಕೇಳ್ದಾಗಲೂ ಮುಟ್ಟಿರಲಿಲ್ಲ. ಸುಳ್ಳು ಹೇಳಿದೆ.”

ಅಕ್ಕ ಅದನ್ನೂ ಹೊಡೆದಳು. ಕೊನೆಯ ಚುಕ್ಕೆ ಇಟ್ಟ ಮೇಲೆ ಕೈಗಳನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಓದಿದಳು, ಅಕ್ಷರಗಳನ್ನು ಮಾತ್ರ ನೋಡುವವಳ ಹಾಗೆ.

“ಒಂದೂ ಬಿಟ್ಟುಹೋಗಿಲ್ಲ,” ಎಂದಳು. “ಕೈಗೆ ಹೇಳಿ ಮಾಡಿಸಿದ ಹಾಗಿದೆ.”

“ಈಗಲೇ ಮೇಲೆ ಹೋಗಿ ಆಫೀಸಿನಲ್ಲಿ ಮಾತಾಡ್ತೀನಿ. ತಪ್ಪು ನಂದು ಅಂತ ಬರೆದುಕೊಡ್ತೀನಿ. ಮುಂದಿನ ತಿಂಗಳು ಇದು ಅಂಗಡಿಗೆ ಬರುತ್ತೆ, ಅಲ್ಲಿವರೆಗೆ ಇದನ್ನೇ ಇಲ್ಲಿ ಬಿಟ್ಟಿರ್ತೀನಿ, ಕಂಪನಿಯವರನ್ನ ನಾನು ನೋಡ್ಕೋತೀನಿ.”

“ನನ್ನ ಜಾಗಕ್ಕೆ ಹೊಸಬಳು ಬಂದು ಆರು ದಿನ ಆಯ್ತು ಕಣೋ. ಎರಡು ಮಕ್ಕಳ ತಾಯಿ, ಇದ್ದ ಕೆಲಸ ಬಿಟ್ಟು ಬಂದಿದ್ದಾಳೆ. ಬೆಳಿಗ್ಗೆ ಅರ್ಧ ಗಂಟೆ ಕೂತು ನಾನೇ ಹೇಳಿಕೊಡ್ತಿದ್ದೀನಿ. ಅವಳನ್ನ ಎಬ್ಬಿಸಿ ನಾನು ಕೂತ್ಕೊಳ್ಳೋಕೆ ಆಗುತ್ತಾ?”

ಊರಿನ ಯಂತ್ರಗಳನ್ನೆಲ್ಲ ಬೈದು ಗುಡ್ಡೆ ಹಾಕಿದ ನಾಲಿಗೆ ಬಾಯಲ್ಲಿ ಒಣಗಿಕೊಂಡು ಬಿದ್ದಿತ್ತು. ತನ್ನ ಮೇಲೆ ತನಗೆ ಅಸಹ್ಯವಾಯಿತು. ಅಕ್ಕ ಬೈದಾದರೂ ಬಿಡಲಿ ಎಂದು ಕಾದ. ಬೈದರೆ ಸ್ವಲ್ಪ ಹಗುರಾಗಬಹುದಿತ್ತು.

ಅಕ್ಕ ಬೈಯಲಿಲ್ಲ. ಮುಚ್ಚಳ ಮುಚ್ಚಿ, ಯಂತ್ರವನ್ನು ಚೀಲದೊಳಗೆ ಇಳಿಸಿ, ಜಿಪ್ ಎಳೆದು ಅವನ ಕಡೆ ಸರಿಸಿದಳು. ಪೆನ್ನು ಕೈಗೆತ್ತಿಕೊಂಡು, ರಿಜಿಸ್ಟರಿನಲ್ಲಿ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುತ್ತ ಹೇಳಿದಳು:

“ರೆಕಾರ್ಡ್ ರೂಮಿಗೆ ಹೋಗ್ತೀನಿ ಅಂತ ಆಫೀಸಿಗೆ ಕಾಗದ ಕೊಡೋಕೆ ಹೋದ ದಿನ ನಿನ್ನ ಬರಹ ಕೈಯಲ್ಲೇ ಇತ್ತು. ವಾರ್ಡಿನ ನರ್ಸುಗಳನ್ನೆಲ್ಲ ಕೂರಿಸ್ಕೊಂಡು ಜೋರಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ರು ಕಣೋ. ನನ್ನ ತಮ್ಮ ಬರೆದದ್ದು ಅಂತ ಹೇಳ್ಕೊಂಡೆ.”